ಕಡಲ ನೀರು ಸಿಹಿ ಮಾಡಲು ಎಷ್ಟು ಯೂನಿಟ್ ಕರೆಂಟ್ ಬೇಕು? ನನ್ನ ಅನುಭವ

ಮಂಡ್ಯದ ಹಳ್ಳಿಗಳಲ್ಲಿ ಆರ್‌ಓ ಘಟಕ, ಅಂದರೆ ಒತ್ತಡ ಹಾಕಿ ನೀರಿನ ಉಪ್ಪು ಸೋಸುವ ಘಟಕ, ನೋಡಿಕೊಳ್ಳುತ್ತಿದ್ದವನು ನಾನು. ಬೋರ್‌ವೆಲ್ ನೀರಿಗೆ ಹತ್ತು ಬಾರ್ ಒತ್ತಡ ಇದ್ದರೆ ಸಾಕಾಗುತ್ತಿತ್ತು. ಆಮೇಲೆ ಮೈಸೂರಿನ ಹೆಬ್ಬಾಳದಲ್ಲಿ ಒಂದು ಕಂಪನಿ ಸೇರಿದೆ. ಅಲ್ಲಿ ಪಶ್ಚಿಮ ಕರಾವಳಿಯ ಒಂದು ಸಣ್ಣ ನಗರಕ್ಕೆ ಘಟಕ ಡಿಸೈನ್ ಮಾಡುವ ಕೆಲಸ ಬಂತು. ದಿನಕ್ಕೆ 1 ಕೋಟಿ ಲೀಟರ್ ನೀರು. ತಲೆಗೆ 135 ಲೀಟರ್‌ನಂತೆ ಸುಮಾರು 70,000 ಜನರಿಗೆ ಆಗುತ್ತದೆ.

ಕಡಲಿನ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ನೀರು ಮೆಂಬ್ರೇನ್ (ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ತೆಳು ಪೊರೆ) ದಾಟಬೇಕಾದರೆ ಮೊದಲು 27 ಬಾರ್ ಒತ್ತಡವನ್ನು ಮೀರಬೇಕು. ಸಿಹಿನೀರು ಆಚೆ ಹೋದಂತೆ ಉಳಿದದ್ದು ಇನ್ನೂ ಉಪ್ಪಾಗುತ್ತದೆ. ಹಾಗಾಗಿ 60 ಬಾರ್ ಹತ್ತಿರ ಬೇಕು. ಅಂದರೆ ನೀರನ್ನು 600 ಮೀಟರ್ ಮೇಲಕ್ಕೆ ಎತ್ತಿದ ಹಾಗೆ. ನಮ್ಮ ಶಿವನಸಮುದ್ರದಲ್ಲಿ ನೀರು ಬೀಳುವ ಎತ್ತರ ಇದರ ಕಾಲು ಭಾಗವೂ ಇಲ್ಲ. ಅಷ್ಟರಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು!

ನೂರು ಲೀಟರ್ ಒಳಗೆ ಕೊಟ್ಟರೆ ನಮಗೆ ಸಿಗುವುದು 40 ಲೀಟರ್ ಸಿಹಿನೀರು. ಉಳಿದ 60 ಲೀಟರ್ ಉಪ್ಪುನೀರು ಹೊರಗೆ ಬರುವಾಗಲೂ ಅದರಲ್ಲಿ ಒತ್ತಡ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದನ್ನು ಸುಮ್ನೆ ವಾಲ್ವ್ ತೆರೆದು ಬಿಟ್ಟರೆ ಸಾವಿರ ಲೀಟರ್ ಸಿಹಿನೀರಿಗೆ ಪಂಪ್ ಒಂದೇ 4.7 ಯೂನಿಟ್ ತಿನ್ನುತ್ತದೆ. ನಾವು ಪ್ರೆಶರ್ ಎಕ್ಸ್‌ಚೇಂಜರ್ ಹಾಕಿದೆವು. ಅದರೊಳಗೆ ಸಿರಾಮಿಕ್ ರೋಟರ್ ತಿರುಗುತ್ತಿರುತ್ತದೆ. ಹೊರಗೆ ಹೋಗುವ ಉಪ್ಪುನೀರು ಒಳಗೆ ಬರುವ ಕಡಲ ನೀರನ್ನು ನೇರವಾಗಿ ತಳ್ಳಿ ತನ್ನ ಒತ್ತಡ ಕೊಡುತ್ತದೆ. ಆಗ ದೊಡ್ಡ ಪಂಪಿಗೆ ಉಳಿಯುವುದು 40 ಲೀಟರಿನ ಕೆಲಸ ಮಾತ್ರ. ಮಿಕ್ಕದ್ದಕ್ಕೆ ಒಂದು ಸಣ್ಣ ಬೂಸ್ಟರ್ ಸಾಕು. ಲೆಕ್ಕ 2.2 ಯೂನಿಟ್‌ಗೆ ಇಳಿಯಿತು. ಕಡಲಿಂದ ನೀರೆತ್ತುವುದು, ಫಿಲ್ಟರ್ ಎಲ್ಲ ಸೇರಿ 3.3.

ಹೆಚ್ಚು ಚರ್ಚೆ ಆಗಿದ್ದು ಆ 40ರ ಬಗ್ಗೆ. ನಗರಸಭೆಯ ಇಂಜಿನಿಯರ್ ಮೇಡಂ ಕೇಳಿದರು, "ಅರ್ಧಕ್ಕಿಂತ ಜಾಸ್ತಿ ನೀರು ವಾಪಸ್ ಹೋಗುತ್ತಲ್ಲ ಸಾರ್, 50 ಮಾಡಬಾರದಾ?" ಬೋರ್‌ವೆಲ್ ಆಗಿದ್ದರೆ ಅವರ ಮಾತೇ ಸರಿ. ಅಲ್ಲಿ ಒಂದೊಂದು ಕೊಡವೂ ಮುಖ್ಯ. ಆದರೆ ಕಡಲಲ್ಲಿ ನೀರಿಗೇನು ಬರ, ಅಲ್ವಾ? ದುಬಾರಿ ಆಗುವುದು ಒತ್ತಡ. ಅರ್ಧ ತೆಗೆದರೆ ಉಳಿದ ನೀರಿನ ಉಪ್ಪು ಲೀಟರಿಗೆ 70 ಗ್ರಾಂ ಆಗುತ್ತದೆ, ಒತ್ತಡ ಇನ್ನೂ ಏರಿಸಬೇಕು. ಹಾಗಂತ 30ಕ್ಕೆ ಇಳಿಸಿದರೆ ಜಾಸ್ತಿ ನೀರನ್ನು ಎತ್ತಿ ಸೋಸಬೇಕು, ಆ ಖರ್ಚು ಏರುತ್ತದೆ. ಎರಡೂ ಕಡೆಯ ಲೆಕ್ಕ ಹಾಕಿ ತೋರಿಸಿದ ಮೇಲೆ ಅವರು 40ಕ್ಕೆ ಒಪ್ಪಿದರು.

ಇನ್ನು ಮಳೆಗಾಲ. ನದಿಗಳ ನೀರು ಸೇರಿ ದಡದ ಹತ್ತಿರ ಉಪ್ಪು ಕಡಿಮೆಯಾಗುತ್ತದೆ, ಕೆಸರು ಜಾಸ್ತಿಯಾಗುತ್ತದೆ. ಉಪ್ಪು ಇಳಿದಾಗ ಒತ್ತಡವೂ ಇಳಿಯಲಿ ಅಂತ ದೊಡ್ಡ ಪಂಪಿನ ಮೋಟಾರಿಗೆ ವಿಎಫ್‌ಡಿ, ಅಂದರೆ ಅದರ ವೇಗ ಏರಿಸಿ ಇಳಿಸುವ ಸಾಧನ, ಹಾಕಿದೆವು. ಅದಿಲ್ಲದಿದ್ದರೆ ಪಂಪ್ ಪೂರ್ತಿ ವೇಗದಲ್ಲೇ ಓಡುತ್ತದೆ, ಹೆಚ್ಚಿನ ಒತ್ತಡ ವಾಲ್ವ್‌ನಲ್ಲೇ ಹಾಳಾಗುತ್ತದೆ. ಕೆಸರಿಗೆ ಗಾಳಿಗುಳ್ಳೆಯಿಂದ ಕೊಳೆ ತೇಲಿಸುವ ತೊಟ್ಟಿ ಕಟ್ಟಿ, ಪಕ್ಕದಲ್ಲೇ ಒಂದು ಬೈಪಾಸ್ ಪೈಪ್ ಇಟ್ಟೆವು. ನೀರು ತಿಳಿಯಾಗಿರುವ ತಿಂಗಳುಗಳಲ್ಲಿ ತೊಟ್ಟಿಯ ಕಂಪ್ರೆಸರ್ ಆಫ್ ಮಾಡಿ, ನೀರನ್ನು ನೇರ ಫಿಲ್ಟರಿಗೆ ಬಿಡುತ್ತೇವೆ.