ಬಕೆಟ್ ಸೀಳುತ್ತಿದ್ದರೆ ದಾನಾದ ಎಂಎಫ್‌ಐ ಕೇಳಿ

ಗಂಗಾವತಿಯ ರೈಸ್ ಮಿಲ್ಲುಗಳಿಗೆ ನಾನು ಎಲಿವೇಟರ್ ಬಕೆಟ್ ಮಾಡಿಕೊಡುತ್ತೇನೆ. ಎಚ್‌ಡಿಪಿಇ ಪ್ಲಾಸ್ಟಿಕ್‌ನವು. ಬೆಲ್ಟಿಗೆ ಬೋಲ್ಟ್ ಹಾಕಿ ಕೂರಿಸುತ್ತಾರೆ, ಕೆಳಗಿಂದ ಭತ್ತ ಬಾಚಿ ಮೇಲೆ ಸುರಿಯುತ್ತವೆ. ಬೆಲ್ಟ್ 30 ಮೀಟರ್, ವೇಗ ಸೆಕೆಂಡಿಗೆ 2 ಮೀಟರ್ ಅಂದುಕೊಳ್ಳಿ. 15 ಸೆಕೆಂಡಿಗೊಂದು ಸುತ್ತು. ಸೀಸನ್ನಿನಲ್ಲಿ ಹಗಲು ರಾತ್ರಿ ಓಡಿದರೆ ಒಂದೊಂದು ಬಕೆಟ್ ದಿನಕ್ಕೆ 5,760 ಸಲ ಭತ್ತದ ರಾಶಿಗೆ ಹೊಕ್ಕು ಸ್ವಲ್ಪ ಬಾಗುತ್ತದೆ.

ಒಬ್ಬ ಸಾಹುಕಾರರು ಬೇರೆ ಕಡೆಯಿಂದ ತರಿಸಿದ್ದ ಬಕೆಟ್‌ಗಳನ್ನು ಚೀಲದಲ್ಲಿ ತಂದು ಸುರುವಿದರು. "ಸುತ್ತಿಗೀಲೆ ಹೊಡದ್ರೂ ಒಡಿಯಂಗಿಲ್ಲ, ಬೆಲ್ಟಿಗೆ ಹಾಕಿದ್ರ ಸೀಳತಾವ. ಏನ್ ಮಾಯಾರೀ ಇದು?" ಅಂದರು.

ಬಿರುಕುಗಳೆಲ್ಲ ಬೋಲ್ಟಿನ ತೂತಿನಿಂದಲೇ ಶುರುವಾಗಿದ್ದವು. ಸೀಳಿದ ಮುಖ ನುಣುಪು, ಎಳೆ ಎದ್ದಿಲ್ಲ. ಒಂದೇ ಏಟಿಗೆ ಹರಿದದ್ದಲ್ಲ, ಬೆಲ್ಟಿನ ಪ್ರತಿ ಸುತ್ತಿಗೂ ಒಂದಿಷ್ಟು ಅಂತ ಮುಂದೆ ಹೋದ ಬಿರುಕು. ಇಂಥದ್ದಕ್ಕೆ ಸುತ್ತಿಗೆ ಪರೀಕ್ಷೆ ಸುಮ್ನೆ ದಂಡ.

ಹಳೆಯ ಗೇರ್ ಮೋಟಾರಿಗೆ ಒಂದು ಕ್ಯಾಮ್ (ತಿರುಗುತ್ತಾ ಮತ್ತೆ ಮತ್ತೆ ತಳ್ಳುವ ಉಬ್ಬು ಚಕ್ರ) ಕಟ್ಟಿದೆ. ಎರಡು ಗ್ರೇಡಿನ ದಾನಾದಿಂದ, ಅಂದರೆ ಕರಗಿಸಿ ಬಕೆಟ್ ಮಾಡುವ ಪ್ಲಾಸ್ಟಿಕ್ ಕಾಳಿನಿಂದ, ಪಟ್ಟಿ ತೆಗೆದು, ಬ್ಲೇಡಿನಿಂದ ಒಂದೇ ಆಳದ ಗೀರು ಹಾಕಿ, ನಿಧಾನಕ್ಕೆ ಬಾಗಿಸುತ್ತಾ ಬಿಟ್ಟೆ. ನಿಧಾನ ಯಾಕೆಂದರೆ, ಜೋರಾಗಿ ಆಡಿಸಿದರೆ ಪ್ಲಾಸ್ಟಿಕ್ ಒಳಗೇ ಬಿಸಿಯಾಗಿ ಮೆತ್ತಗಾಗುತ್ತದೆ, ಲೆಕ್ಕ ಕೆಡುತ್ತದೆ. ಕರಗಿದ ದಾನಾ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಅಳತೆಯೇ ಎಂಎಫ್‌ಐ. ಎಂಎಫ್‌ಐ 18ರ ಪಟ್ಟಿ ಸಂಜೆಯೊಳಗೆ ಎರಡು ತುಂಡು. ಎಂಎಫ್‌ಐ 8ರದ್ದು ಗೀರಿನ ತುದಿಯಲ್ಲಿ ಬೆಳ್ಳಗಾಗಿ, ಸಣ್ಣ ಎಳೆಗಳು ಎದ್ದು, ಮರುದಿನ ಬೆಳಿಗ್ಗೆಯೂ ಹಿಡಿದುಕೊಂಡೇ ಇತ್ತು.

ಎಂಎಫ್‌ಐ ಅಂದರೆ 190 ಡಿಗ್ರಿಯಲ್ಲಿ 2.16 ಕೆಜಿ ಭಾರಕ್ಕೆ 10 ನಿಮಿಷದಲ್ಲಿ ಎಷ್ಟು ಗ್ರಾಂ ಹರಿಯುತ್ತದೆ ಅನ್ನೋದು. ಪ್ಲಾಸ್ಟಿಕ್ಕಿನ ಅಣು ಒಂದು ಉದ್ದ ಸರಪಳಿ ಇದ್ದಂತೆ. ಜಾಸ್ತಿ ಹರಿದರೆ ಸರಪಳಿ ಗಿಡ್ಡ, ಅಂದರೆ ಅಣುತೂಕ ಕಡಿಮೆ. ಮಜಾ ನೋಡಿ, ಸರಪಳಿಯ ಉದ್ದ ದುಪ್ಪಟ್ಟಾದರೆ ಕರಗಿದ ಪ್ಲಾಸ್ಟಿಕ್ ಸುಮಾರು ಹತ್ತು ಪಟ್ಟು ಮಂದವಾಗುತ್ತದೆ, ಹರಿಯೋದು ಅಷ್ಟು ಕಷ್ಟ. ಹಾಗಾಗಿ 18ಕ್ಕೂ 8ಕ್ಕೂ ಉದ್ದದಲ್ಲಿರುವ ವ್ಯತ್ಯಾಸ ಕಾಲು ಭಾಗದಷ್ಟೇ. ಬಾಳಿಕೆಯಲ್ಲಿ ಮಾತ್ರ ಅಷ್ಟು ಅಂತರ!

ಈ ಪ್ಲಾಸ್ಟಿಕ್ ಪೂರ್ತಿ ಹರಳಲ್ಲ. ಸರಪಳಿಗಳು ಮಡಚಿ ಕೂತ ಹರಳಿನ ಪದರಗಳು, ಅವುಗಳ ನಡುವೆ ಮೆತ್ತನೆಯ ಜಾಗ. ಉದ್ದ ಸರಪಳಿ ಒಂದು ಪದರದಿಂದ ಹೊರಟು ನಡುವಿನ ಜಾಗ ದಾಟಿ ಇನ್ನೊಂದರೊಳಗೆ ಸಿಕ್ಕಿಕೊಳ್ಳುತ್ತದೆ. ಬಿರುಕಿನ ಬಾಯಿಯನ್ನು ಹಿಡಿದಿಡುವುದು ಇದೇ ಕೊಂಡಿ. ಗಿಡ್ಡ ಸರಪಳಿಗೆ ದಾಟುವಷ್ಟು ಉದ್ದವೇ ಇರಲ್ಲ. ದಾಟಿದರೂ ಪ್ರತಿ ಬಾಗುವಿಕೆಗೆ ಚೂರು ಚೂರೇ ಜಾರಿ ಕಳಚಿಕೊಳ್ಳುತ್ತದೆ. ರಾಯಚೂರು ಕಡೆ ಹತ್ತಿ ವ್ಯಾಪಾರ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ: ಗಿಡ್ಡ ಎಳೆಯ ಹತ್ತಿಯ ನೂಲು ಎಳೆದರೆ ಬಿಚ್ಚಿಕೊಳ್ಳುತ್ತದೆ ಅಲ್ವಾ?

ಕಡಿಮೆ ಎಂಎಫ್‌ಐ ದಾನಾ ಡೈ (ಅಚ್ಚು) ಒಳಗೆ ಸಲೀಸಾಗಿ ಹರಿಯಲ್ಲ, ಬಕೆಟ್ಟಿನ ಅಂಚು ತುಂಬದೆ ಉಳಿಯುತ್ತದೆ. ದಾನಾ ಕರಗಿಸುವ ಬ್ಯಾರಲ್‌ನ ಬಿಸಿ ಏರಿಸಿಬಿಡೋಣ ಅನ್ನಿಸುತ್ತದೆ. ಮಿತಿಮೀರಿ ಬಿಸಿ ಮಾಡಿದರೆ ಸರಪಳಿಯೇ ಹಾಳಾಗುತ್ತದೆ. ಅದಕ್ಕೆ ನಾನು ಪ್ಲಾಸ್ಟಿಕ್ ಡೈ ಒಳಗೆ ಹೋಗುವ ಗೇಟ್ ಅಗಲ ಮಾಡಿಸಿ, ಪ್ರೆಶರ್ ಹೆಚ್ಚಿಸಿದೆ. ಡೈ ನೀರು ತಣ್ಣಗಿಟ್ಟೆ. ನಿಧಾನವಾಗಿ ಆರಿದರೆ ಹರಳು ದಪ್ಪವಾಗಿ ಕೊಂಡಿಗಳು ಕಡಿಮೆಯಾಗುತ್ತವೆ. ಒಂದೊಂದು ಶಾಟಿಗೆ, ಅಂದರೆ ಡೈ ಒಮ್ಮೆ ತುಂಬಿ ತೆಗೆಯೋಕೆ, ಸಮಯ ಜಾಸ್ತಿ ಹಿಡಿಯುತ್ತದೆ, ಕರೆಂಟು ಬಿಲ್ಲೂ ಏರುತ್ತದೆ. ಸಾಹುಕಾರರು ರೇಟಿಗೆ ಗೊಣಗಿದರು, ಆಮೇಲೆ ಒಪ್ಪಿದರು.

ಬೋಲ್ಟಿನ ಕೆಳಗೆ ಅಗಲದ ವಾಷರ್ ಹಾಕಿ, ತೂತಿನ ಅಂಚು ಚೂಪಾಗಿದ್ದರೆ ಉಜ್ಜಿ ಅಂತ ಫಿಟ್ಟರ್‌ಗಳಿಗೂ ಹೇಳಿದ್ದೇನೆ. ಎಂಥ ಒಳ್ಳೆ ದಾನಾ ಇದ್ದರೂ ಗೀರಿದ ತೂತಿನಲ್ಲಿ ಬಿರುಕು ಬೇಗ ಹುಟ್ಟುತ್ತದೆ.