ಕಪ್ಪು ಗಾಜಿನಲ್ಲಿ 1024 ಮಸೂರಗಳು: ಅಚ್ಚು ಕಲಿಸಿದ ಪಾಠ

ಮನುಷ್ಯನ ಮೈಶಾಖವನ್ನು ಗ್ರಹಿಸುವ ಸಂವೇದಕಗಳ ಒಂದು ಜಾಲಕ್ಕೆ ಮಸೂರ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಡ್ಡಸಾಲು 32, ಕಂಬಸಾಲು 32, ಒಂದರಿಂದ ಇನ್ನೊಂದಕ್ಕೆ 250 ಮೈಕ್ರಾನ್ ಅಂತರ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಒಟ್ಟು ಎಂಟು ಮಿಲಿಮೀಟರ್ ಚೌಕದಲ್ಲಿ 1024 ಮಸೂರಗಳು. ಮೈಶಾಖ ಹೊತ್ತು ಬರುವ 8ರಿಂದ 12 ಮೈಕ್ರಾನ್ ತರಂಗಾಂತರದ ಅವಕೆಂಪು ಕಿರಣವನ್ನು ಕಿಟಕಿಯ ಗಾಜು ಒಳಗೇ ಹೀರಿಕೊಂಡುಬಿಡುತ್ತದೆ. ಜರ್ಮೇನಿಯಂ ಅದನ್ನು ಹಾಯಗೊಡುತ್ತದೆ, ಆದರೆ ಅದು ಸ್ಫಟಿಕವಾದ್ದರಿಂದ ಕಾಯಿಸಿ ಅಚ್ಚಿಗೆ ಒತ್ತಲು ಬರುವುದಿಲ್ಲ. ಆದ್ದರಿಂದ ಆರ್ಸೆನಿಕ್ ಮತ್ತು ಸೆಲೆನಿಯಂ ಕೂಡಿದ ಚಾಲ್ಕೊಜಿನೈಡ್ ಗಾಜನ್ನು ಆರಿಸಿಕೊಂಡೆ. ಸುಮಾರು 185 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಮೆಲ್ಲಗೆ ಮೆತ್ತಗಾಗತೊಡಗುತ್ತದೆ. 10 ಮೈಕ್ರಾನ್‌ನಲ್ಲಿ ಅದರ ವಕ್ರೀಭವನ ಸೂಚ್ಯಂಕ, ಎಂದರೆ ಕಿರಣವನ್ನು ಬಾಗಿಸುವ ಶಕ್ತಿಯ ಅಳತೆ, 2.78ರಷ್ಟಿರುವುದರಿಂದ, 500 ಮೈಕ್ರಾನ್ ತ್ರಿಜ್ಯದ ಬಾಗಿಗೇ 280 ಮೈಕ್ರಾನ್‌ನಷ್ಟು ಕಿರಿದಾದ ಸಂಗಮದೂರ (ಮಸೂರದಿಂದ ಕಿರಣಗಳು ಒಂದೆಡೆ ಕೂಡುವ ಜಾಗಕ್ಕಿರುವ ದೂರ) ಸಿಗುತ್ತದೆ. 240 ಮೈಕ್ರಾನ್ ಅಗಲದ ಇಂಥ ಮಸೂರದ ಉಬ್ಬು ಬರೀ 14.6 ಮೈಕ್ರಾನ್.

ಮೊದಲ ಅಚ್ಚನ್ನು ಸಿಲಿಕಾನ್ ಬಿಲ್ಲೆಯಲ್ಲಿ ಆಮ್ಲದಿಂದ ಕೊರೆದು ಮಾಡಿಕೊಂಡೆ. ಗುಳಿಗಳು ಕನ್ನಡಿಯಂತೆ ನುಣುಪಾಗಿ ಬಂದುವು, ನನಗೆ ತುಂಬ ಸಂತೋಷವಾಯಿತು. ಆದರೆ ಒತ್ತಿ ತಣಿಸಿ ತೆಗೆದ ಮೊದಲ ನಾಲ್ಕು ಗಾಜಿನ ಫಲಕಗಳಲ್ಲಿ ಮೂರು ಅಂಚಿನಿಂದ ಒಳಕ್ಕೆ ಸೀಳಿದ್ದುವು. ಈ ಗಾಜು ಕಣ್ಣಿಗೆ ಕಲ್ಲಿದ್ದಲಿನಂತೆ ಕಪ್ಪು, ಒಳಗಿನ ಬಿರುಕು ಹೊರಗೆ ತೋರುವುದೇ ಇಲ್ಲ. ಅವಕೆಂಪು ಸೋಸುಕವನ್ನು ತೆಗೆದುಹಾಕಿದ ಒಂದು ಸಾಧಾರಣ ಕ್ಯಾಮೆರಾದ ಮುಂದೆ ಫಲಕವನ್ನು ಹಿಡಿದು, ಹಿಂದಿನಿಂದ ಹಳೆಯ ತಂತಿಯ ಬಲ್ಬನ್ನು ಉರಿಸಿದಾಗ ಮಾತ್ರ, ಮೂಲೆಯ ಮಸೂರಗಳ ಬುಡದಿಂದ ಹೊರಟ ಕೂದಲೆಳೆಯಂಥ ಗೆರೆಗಳು ಕಾಣಿಸಿದುವು. ಸೀಳದೆ ಉಳಿದ ನಾಲ್ಕನೆಯದನ್ನು ಅಳೆದು ನೋಡಿದರೆ, ನಡುವಿನ ಮಸೂರಗಳು ತಮ್ಮ ಜಾಗದಲ್ಲಿದ್ದುವು, ಅಂಚಿನವು ಸುಮಾರು 12 ಮೈಕ್ರಾನ್ ಒಳಕ್ಕೆ ಸರಿದಿದ್ದುವು.

ಸೀಳಿದ್ದಕ್ಕೂ ಸರಿದದ್ದಕ್ಕೂ ಕಾರಣ ಒಂದೇ ಎಂಬುದು ಲೆಕ್ಕ ಹಾಕಿದ ಮೇಲೆ ತಿಳಿಯಿತು. ಈ ಗಾಜು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 21 ಪಾಲು ಕುಗ್ಗುತ್ತದೆ, ಸಿಲಿಕಾನ್ ಮೂರು ಪಾಲನ್ನೂ ಮುಟ್ಟುವುದಿಲ್ಲ. ಗಾಜು ಗಟ್ಟಿಯಾಗುವ 185 ಡಿಗ್ರಿಯಿಂದ ಕೋಣೆಯ ಶಾಖಕ್ಕೆ ಇಳಿಯುವ 160 ಡಿಗ್ರಿಗಳಲ್ಲಿ, ನಡುವಿನಿಂದ ನಾಲ್ಕು ಮಿಲಿಮೀಟರ್ ದೂರದ ಮಸೂರ ಆ 12 ಮೈಕ್ರಾನ್‌ನಷ್ಟೇ ಸರಿಯಬೇಕು. ಮಸೂರ ಇನ್ನೂ ಗುಳಿಯಲ್ಲೇ ಕೂತಿರುವಾಗ ಹೀಗೆ ಎಳೆತ ಬಿದ್ದರೆ, ಗುಳಿಯ ಒಳಗೋಡೆ ಅದನ್ನು ತಡೆಹಿಡಿಯುತ್ತದೆ, ಗಾಜು ಸೋತು ಬಿರಿಯುತ್ತದೆ.

ಅಚ್ಚು ಎಂದರೆ ಟಂಗ್‌ಸ್ಟನ್ ಕಾರ್ಬೈಡ್ ಎಂದು ಈ ಕಸುಬಿನಲ್ಲಿ ಎಲ್ಲರ ಕೈ ಮೊದಲು ಅತ್ತ ಹೋಗುತ್ತದೆ. ಹೆಚ್ಚು ಶಾಖದಲ್ಲಿ ಒತ್ತುವ ಗಾಜಿಗೆ ಅದು ಸರಿ. ಆದರೆ ಅದೂ ಬಹಳ ಕಡಿಮೆ ಹಿಗ್ಗುವ ವಸ್ತು. ನಮ್ಮ ಗಾಜನ್ನು ಒತ್ತುವುದು 220 ಡಿಗ್ರಿಯ ಆಸುಪಾಸಿನಲ್ಲಾದ್ದರಿಂದ, ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ನಿಕ್ಕಲ್-ರಂಜಕದ ಲೇಪ ಹಚ್ಚಿಸಿ ಅದರಲ್ಲಿ ವಜ್ರದ ಉಳಿಯಿಂದ ಗುಳಿ ತೋಡಿಸಿದರೆ ಸಾಕು, ಸ್ಟೀಲು ಹಿಗ್ಗುವಿಕೆಯಲ್ಲಿ ಗಾಜಿಗೆ ಹೆಚ್ಚು ಹತ್ತಿರ ಎಂದು ನಿರ್ಧರಿಸಿದೆ. ಉಳಿದ ವ್ಯತ್ಯಾಸವನ್ನು ಅಚ್ಚಿನಲ್ಲೇ ಸರಿದೂಗಿಸಿ, ಗುಳಿಗಳ ಅಂತರವನ್ನು 250ರ ಬದಲು 250.4 ಮೈಕ್ರಾನ್ ಇಡಿಸಿದೆ. ಈ 0.4 ಮೈಕ್ರಾನೇ ಇಡೀ ಕೆಲಸದ ಜೀವ ಎಂದು ಈಗಲೂ ನನ್ನ ಭಾವನೆ.

ಹೊಸ ಅಚ್ಚಿನಲ್ಲಿ ಬೇರೊಂದು ದೋಷ ಎದುರಾಯಿತು. ಮೇಲ್ಮೈಯ ಏರುತಗ್ಗುಗಳನ್ನು ಬೆಳಕಿನಿಂದ ಅಳೆಯುವ ಬಿಳಿಬೆಳಕಿನ ಇಂಟರ್‌ಫೆರೊಮೀಟರಿನಲ್ಲಿ ನೋಡಿದಾಗ ಮಸೂರಗಳ ಪಕ್ಕಗಳೆಲ್ಲ ಸರಿಯಾಗಿದ್ದು, ನೆತ್ತಿಯಲ್ಲಿ ಮಾತ್ರ ಬೆರಳಿನಿಂದ ಅಮುಕಿದಂಥ ತಗ್ಗು ಇತ್ತು. ಚಪ್ಪಟೆ ಗಾಜು ಗುಳಿಯ ಬಾಯನ್ನು ಮೊದಲೇ ಮುಚ್ಚಿಬಿಡುವುದರಿಂದ ಒತ್ತುವಾಗ ಸುತ್ತ ತುಂಬಿಸಿಟ್ಟಿದ್ದ ನೈಟ್ರೋಜನ್ ಒಳಗೆ ಸಿಕ್ಕಿಕೊಂಡು, ಅದಕ್ಕೆ ಹೊರಬರಲು ದಾರಿಯಿರಲಿಲ್ಲ. ಒತ್ತುವ ಮೊದಲು ನಿರ್ವಾತ ಮಾಡಿ, ನೈಟ್ರೋಜನ್ನನ್ನು ತಣಿಸುವ ಹಂತಕ್ಕೆ ಮಾತ್ರ ಬಿಟ್ಟುಕೊಂಡ ಮೇಲೆ ನೆತ್ತಿಗಳು ತುಂಬಿಕೊಂಡುವು. ಶಾಖವನ್ನು ಇನ್ನಷ್ಟು ಏರಿಸಿ ಬೇಗ ಮುಗಿಸೋಣವೆಂದು ಒಮ್ಮೆ ಯತ್ನಿಸಿದಾಗ ಗಾಜಿನಿಂದ ಆವಿಯೆದ್ದು ಅಚ್ಚಿನ ಮೇಲೆ ಮಂಜಿನಂಥ ಪೊರೆ ಕೂತಿತು. ಮತ್ತೆ ಆ ಯತ್ನಕ್ಕೆ ಹೋಗಲಿಲ್ಲ.

ತಣಿಸುವಾಗ ಒತ್ತಡವನ್ನು ಸ್ವಲ್ಪ ಇಳಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ 165ಕ್ಕೆ ತಂದು, ಅಲ್ಲೇ ಅಚ್ಚನ್ನು ಬಿಡಿಸುತ್ತಿದ್ದೆ. ಪೂರ್ತಿ ತಣಿಯಲು ಕಾಯಬಾರದು: ಗಾಜು ಗಟ್ಟಿಯಾಗಿರಬೇಕು, ಆದರೆ ಇನ್ನೂ ಹೆಚ್ಚು ಕುಗ್ಗಿರಬಾರದು. ಬಿಡಿಸುವ ಗಳಿಗೆಯಲ್ಲಿ ‘ಟಕ್’ ಎಂಬ ಸಣ್ಣ ಸದ್ದು ಕೇಳಿದರೆ ಫಲಕ ಉಳಿದಿಲ್ಲವೆಂದೇ ಲೆಕ್ಕ.

ಆರ್ಸೆನಿಕ್ ಇರುವ ಗಾಜಾದ್ದರಿಂದ ಅಂಚು ಕತ್ತರಿಸುವುದನ್ನು ನೀರು ಹರಿಸಿಯೇ ಮಾಡಬೇಕು, ಕೈಗವಸು ಬೇಕೇ ಬೇಕು, ಚೂರುಗಳನ್ನೂ ಆ ನೀರನ್ನೂ ಮೋರಿಗೆ ಬಿಡದೆ ಬೇರೆಯಾಗಿ ಶೇಖರಿಸಿ ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಬೇಕು. ಮಸೂರದ ಮೇಲೆ ಪ್ರತಿಫಲನ ತಗ್ಗಿಸುವ ಲೇಪನವನ್ನೂ ಮರೆಯುವಂತಿಲ್ಲ: ಬರಿಯ ಗಾಜಿನ ಒಂದೊಂದು ಮುಖವೂ 22 ಶೇಕಡದಷ್ಟು ಕಿರಣವನ್ನು ಹಿಂದಕ್ಕೆ ಕಳಿಸುತ್ತದೆ.

ಫಲಕ ಒಂದು ಮಿಲಿಮೀಟರ್ ದಪ್ಪವಿದ್ದುದರಿಂದ ಉಬ್ಬಿನ ಮುಖವನ್ನು ಸಂವೇದಕದ ಕಡೆಗೇ ಕೂರಿಸಿದೆವು. ಹೊರಕ್ಕೆ ಇಟ್ಟಿದ್ದರೆ ಕಿರಣ ಗಾಜಿನೊಳಗೇ ಸಂಗಮಿಸುತ್ತಿತ್ತು. ಕೊನೆಯ ಫಲಕದಲ್ಲಿ ನಾಲ್ಕು ಮೂಲೆಗಳ ಮಸೂರಗಳೂ ಎರಡು ಮೈಕ್ರಾನ್‌ಗಿಂತ ಹೆಚ್ಚು ಸರಿಯದೆ ತಮ್ಮ ಜಾಗದಲ್ಲಿದ್ದುವು. ಉಳಿ ಸವೆಯುತ್ತ ಬಂದು ತೋಡಿದ ಕಡೆಯ ಎರಡು ಸಾಲುಗಳು ಮಾತ್ರ ಉಳಿದವುಗಳಿಗಿಂತ ತುಸು ಒರಟಾಗಿವೆ. ಮುಂದಿನ ಅಚ್ಚಿಗೆ ಅರ್ಧ ಕೆಲಸದಲ್ಲಿ ಉಳಿ ಬದಲಿಸುವಂತೆ ಹೇಳಿದ್ದೇನೆ.