21 ಗೆಲುವು, 61 ಸೋಲು: ನನ್ನ ತಂಡದ ಸೀಸನ್ ಲೆಕ್ಕ ನೋಡಿದ ಬಗೆ

ಸೀಸನ್ ಮುಗಿದ ರಾತ್ರಿ ನಾನು ಬರೆದ ಮೊದಲ ವಿಮರ್ಶೆ ಒಂದೇ ಸಾಲಿನದು. "ಹುಡುಗರಿಗೆ ಆಡೋಕೆ ಬಿಟ್ವಿ, ಸೋತ್ವಿ, ಆದರೆ ಅವರು ಬೆಳೆದರು." ಎರಡು ವಾರ ಕೂತು ಲೆಕ್ಕ ತೆಗೆದ ಮೇಲೆ ಗೊತ್ತಾಯಿತು, ಅದರಲ್ಲಿ ಕೊನೆಯ ಭಾಗ ಪೂರ್ತಿ ತಪ್ಪು. ಹೇಗೆ ತಪ್ಪು ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಆಡುವುದು ಬ್ಯಾಸ್ಕೆಟ್‌ಬಾಲ್ ಜಿಎಂ ಅನ್ನುವ ಬ್ರೌಸರ್ ಆಟ. 30 ತಂಡ, 82 ಪಂದ್ಯ, ಸಂಬಳದ ಮಿತಿ, ಡ್ರಾಫ್ಟ್, ಎಲ್ಲವೂ ಅಮೆರಿಕದ ಎನ್‌ಬಿಎ ಲೀಗಿನ ಅಚ್ಚಿನದೇ. ಡ್ರಾಫ್ಟ್ ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು, ಹಾಗೆ ಆರಿಸುವ ಒಂದು ಸರದಿಯೇ ಪಿಕ್. ಆಟಗಾರರನ್ನು ಮಾತ್ರ ಕಂಪ್ಯೂಟರ್ ಹುಟ್ಟಿಸುತ್ತದೆ. ಗೆಳೆಯರು ಕೆಲವರು ಒಂದೊಂದು ತಂಡ ಹಿಡಿದಿದ್ದೇವೆ. ಲೀಗ್ ಫೈಲ್ ಒಬ್ಬನ ಬಳಿ ಇರುತ್ತದೆ. ಅವನು ಒಂದೊಂದು ವಾರದ ಪಂದ್ಯ ಓಡಿಸಿ ಫಲಿತಾಂಶ ಕಳಿಸುತ್ತಾನೆ. ಆಟಗಾರರ ಹೆಸರು ಇಲ್ಲಿ ಹೇಳಿ ಪ್ರಯೋಜನವಿಲ್ಲ, ಅವರೆಲ್ಲ ಆ ಫೈಲಿನೊಳಗೆ ಮಾತ್ರ ಬದುಕಿರುವವರು.

ನನ್ನ ತಂಡ ಹೋದ ವರ್ಷ ಮುದುಕರ ತಂಡವಾಗಿತ್ತು. ಅದನ್ನು ಒಡೆದು ಮತ್ತೆ ಕಟ್ಟೋಣ ಅಂತ ಶುರು ಮಾಡಿದ ಮೊದಲ ಸೀಸನ್ ಇದು. 21 ಗೆದ್ದೆವು, 61 ಸೋತೆವು. ಕೆಳಗಿನಿಂದ ಎರಡನೇ ಸ್ಥಾನ.

ಮೊದಲು ನೋಡಿದ್ದು ಗೆಲುವನ್ನಲ್ಲ, ಅಂಕಗಳ ಅಂತರವನ್ನು. ನಾವು ಪಂದ್ಯಕ್ಕೆ ಸರಾಸರಿ 106 ಅಂಕ ಹೊಡೆದಿದ್ದೆವು, 111 ಬಿಟ್ಟುಕೊಟ್ಟಿದ್ದೆವು. ಹೊಡೆದ ಅಂಕ, ಬಿಟ್ಟ ಅಂಕ ಎರಡರಿಂದ ಒಂದು ತಂಡ ಎಷ್ಟು ಗೆಲ್ಲಬೇಕಿತ್ತು ಅಂತ ಅಂದಾಜು ಮಾಡುವ ಒಂದು ಹಳೆಯ ಸೂತ್ರ ಇದೆ. ಬೇಸ್‌ಬಾಲ್‌ನಿಂದ ಬಂದದ್ದು, ಪೈಥಾಗರಸ್ ಹೆಸರು ಅಂಟಿಕೊಂಡಿದೆ. ಬ್ಯಾಸ್ಕೆಟ್‌ಬಾಲ್‌ಗೆ ಅದನ್ನು ಹೊಂದಿಸಿದವರು ಅಂಕಿಅಂಶದ ತಜ್ಞ ಡ್ಯಾರಿಲ್ ಮೋರಿ, ಅವರು ಹಾಕಿದ ಘಾತ 13.91. ಅಂದರೆ 106ನ್ನು 111ರಿಂದ ಭಾಗಿಸಿ 13.91ರ ಘಾತಕ್ಕೆ ಏರಿಸಬೇಕು. ಬಂದ ಸಂಖ್ಯೆಯನ್ನು, ಅದಕ್ಕೆ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು. ನಮಗೆ ಬಂದದ್ದು 0.345. 82 ಪಂದ್ಯಕ್ಕೆ 28 ಗೆಲುವು.

ನಾವು ಗೆದ್ದಿದ್ದು 21. ಏಳು ಎಲ್ಲಿ ಹೋದವು?

ಐದು ಅಂಕ ಅಥವಾ ಅದಕ್ಕಿಂತ ಕಮ್ಮಿ ಅಂತರದಲ್ಲಿ ಮುಗಿದ ಪಂದ್ಯಗಳನ್ನು ಎಣಿಸಿದೆ. ಒಟ್ಟು 21. ಅದರಲ್ಲಿ ಗೆದ್ದಿದ್ದು ಐದೇ ಐದು. ಅರ್ಧ ಗೆದ್ದಿದ್ದರೂ ಐದಾರು ಗೆಲುವು ಜಾಸ್ತಿ ಇರುತ್ತಿತ್ತು. ಇಂಥ ಪಂದ್ಯಗಳಲ್ಲಿ ಬಹುಪಾಲು ಅದೃಷ್ಟದ್ದೇ ಆಟ. ಹಾಗಾಗಿ "ನಮ್ಮ ಹುಡುಗರಿಗೆ ಕೊನೇ ನಿಮಿಷದಲ್ಲಿ ಧೈರ್ಯ ಇಲ್ಲ" ಅಂತ ನಡುವೆ ಒಮ್ಮೆ ಗೆಳೆಯರಿಗೆ ಬರೆದಿದ್ದೆನಲ್ಲ, ಅದನ್ನು ಹೊಡೆದು ಹಾಕಿದೆ. ಕಂಪ್ಯೂಟರಿನ ಹುಡುಗರಿಗೆ ಎಲ್ಲಿಯ ಧೈರ್ಯ!

ಆಮೇಲೆ ಸೀಸನ್ನನ್ನು ಎರಡು ತುಂಡು ಮಾಡಿದೆ. ಇದು ನಾನು ತುಂಬಾ ತಡವಾಗಿ ಕಲಿತ ಕೆಲಸ. 82 ಪಂದ್ಯದ ಸರಾಸರಿ ಏನನ್ನೂ ಹೇಳಲ್ಲ, ಯಾಕೆಂದರೆ ಟ್ರೇಡ್ (ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು) ಗಡುವಿನ ಹಿಂದಿನ ತಂಡವೇ ಬೇರೆ, ಮುಂದಿನ ತಂಡವೇ ಬೇರೆ. ಮೊದಲ 50 ಪಂದ್ಯಗಳಲ್ಲಿ ನಾವು ಸರಾಸರಿ ಮೂರು ಅಂಕದಿಂದ ಹಿಂದಿದ್ದೆವು, 16 ಗೆದ್ದಿದ್ದೆವು. ಕೊನೆಯ 32ರಲ್ಲಿ ಎಂಟು ಅಂಕದಿಂದ ಹಿಂದೆ, ಐದು ಗೆಲುವು. ಅಂದರೆ ಮೊದಲರ್ಧದ ತಂಡ ನಾನು ಅಂದುಕೊಂಡಷ್ಟು ಕೆಟ್ಟದ್ದಾಗಿರಲಿಲ್ಲ.

ನಡುವೆ ಆಗಿದ್ದೇನು? ನಮ್ಮ 31 ವರ್ಷದ ಪಾಯಿಂಟ್ ಗಾರ್ಡ್‌ನನ್ನು, ಅಂದರೆ ಚೆಂಡು ತಂದು ಆಟ ಕಟ್ಟುವವನನ್ನು, ಟ್ರೇಡ್‌ನಲ್ಲಿ ಮಾರಿದ್ದೆ.

ಡೀನ್ ಆಲಿವರ್ ಅನ್ನುವ ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞರು ಗೆಲುವು ಸೋಲನ್ನು ನಾಲ್ಕು ಅಂಶಗಳಾಗಿ ಬಿಡಿಸಿಟ್ಟಿದ್ದಾರೆ. ಶೂಟಿಂಗ್, ಟರ್ನೋವರ್ (ಎಸೆಯುವ ಮೊದಲೇ ಚೆಂಡು ಕಳೆದುಕೊಳ್ಳುವುದು), ನಮ್ಮದೇ ತಪ್ಪಿದ ಎಸೆತದ ರೀಬೌಂಡ್ (ಚೆಂಡನ್ನು ಮತ್ತೆ ಹಿಡಿಯುವುದು), ಫ್ರೀ ಥ್ರೋ (ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ). ಅವರು ಕೊಟ್ಟ ತೂಕ ಇದೇ ಕ್ರಮದಲ್ಲಿ 40, 25, 20, 15. ನಾನು ಈ ನಾಲ್ಕನ್ನು ಸೀಸನ್ನಿನ ಎರಡೂ ತುಂಡಿಗೆ ಬೇರೆ ಬೇರೆ ಬರೆದೆ. ಶೂಟಿಂಗ್‌ನಲ್ಲಿ ಹೆಚ್ಚು ಬದಲಾವಣೆ ಇರಲಿಲ್ಲ. ಪಂದ್ಯಕ್ಕೆ 86 ಎಸೆತ, 40 ಒಳಗೆ, ಅದರಲ್ಲಿ 12 ಮೂರಂಕದ್ದು. ಮೂರಂಕದ ಎಸೆತಕ್ಕೆ ಅರ್ಧ ಜಾಸ್ತಿ ಬೆಲೆ ಕೊಟ್ಟು ಲೆಕ್ಕ ಹಾಕಿದರೆ ಶೇ 53.5. ಕೆಟ್ಟದ್ದೇನಲ್ಲ. ರೀಬೌಂಡ್ ಸಾಧಾರಣ, ಫ್ರೀ ಥ್ರೋ ಕಳಪೆ, 20ಕ್ಕೆ 14.

ಟರ್ನೋವರ್ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಮೊದಲ 50 ಪಂದ್ಯಗಳಲ್ಲಿ ಸರಾಸರಿ 15, ಆಮೇಲೆ 20. ಪಂದ್ಯಕ್ಕೆ ಐದು ಸಲ ಜಾಸ್ತಿ ಚೆಂಡನ್ನು ಎದುರಾಳಿ ಕೈಗೆ ಕೊಟ್ಟಿದ್ದೆವು. ಈ ಆಟದಲ್ಲಿ ಒಳ್ಳೆ ಬಾಲ್ ಹ್ಯಾಂಡ್ಲರ್, ಒಳ್ಳೆ ಪಾಸರ್ ಅಂಗಳದಲ್ಲಿ ಇದ್ದರೆ ಉಳಿದವರ ಆಟವೂ ಸುಧಾರಿಸುತ್ತದೆ. ನಮ್ಮಲ್ಲಿ ಆ ಎರಡೂ ಗುಣ ಇದ್ದದ್ದು ಆ ಒಬ್ಬನಿಗೇ. ಅವನು ಹೋದ ಮೇಲೆ ಚೆಂಡು ತರುವ ಕೆಲಸ 19 ವರ್ಷದ ಹುಡುಗನ ತಲೆಗೆ ಬಿತ್ತು.

ಹಾಗಾದರೆ ಟ್ರೇಡ್ ತಪ್ಪೇ? ಇಲ್ಲಿ ನನ್ನ ನೋಟ್‌ಬುಕ್ ಕೈ ಹಿಡಿಯಿತು. ಪ್ರತಿ ಟ್ರೇಡ್ ಮಾಡುವಾಗ ಕಾರಣವನ್ನು ಅದೇ ದಿನ ಒಂದು ಸಾಲಿನಲ್ಲಿ ಬರೆದಿಡುತ್ತೇನೆ. ಆಮೇಲೆ ಬರೆದರೆ ಫಲಿತಾಂಶ ನೋಡಿಕೊಂಡು ಕಾರಣ ಹುಟ್ಟಿಸುತ್ತೇವೆ, ಅಲ್ವಾ? ಈ ಟ್ರೇಡ್‌ಗೆ ಬರೆದಿದ್ದು: "ಅವನಿಗೆ 31. ನಾವು ಗೆಲ್ಲೋ ಹೊತ್ತಿಗೆ ಅವನು ಇರಲ್ಲ. ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಜೊತೆಗೆ 20 ವರ್ಷದ ಹುಡುಗ." ಈಗಲೂ ಆ ಕಾರಣ ಸರಿ ಅನ್ನಿಸುತ್ತದೆ. ಸೋಲು ಜಾಸ್ತಿ ಆಯಿತು ಅಂತ ಅದನ್ನು ತಪ್ಪು ಅನ್ನೋಕಾಗಲ್ಲ. ನಿಜವಾದ ಎನ್‌ಬಿಎಯಲ್ಲಿ ಒಕ್ಲಹೋಮಾ ಸಿಟಿ ತಂಡ 2019ರಲ್ಲಿ ತನ್ನ ತಾರೆ ಪಾಲ್ ಜಾರ್ಜ್‌ನನ್ನು ಕೊಟ್ಟು ಶಾಯ್ ಗಿಲ್ಜಿಯಸ್-ಅಲೆಕ್ಸಾಂಡರ್‌ನನ್ನೂ ಒಂದು ರಾಶಿ ಪಿಕ್‌ಗಳನ್ನೂ ತಂದಿತ್ತು. 2020-21ರಲ್ಲಿ 22 ಗೆಲುವು, 50 ಸೋಲು. ಮರುವರ್ಷ 24-58. ಆ ಪಿಕ್‌ಗಳಲ್ಲಿ ಒಂದರಿಂದ ಬಂದ ಜೇಲನ್ ವಿಲಿಯಮ್ಸ್‌ನನ್ನೂ ಸೇರಿಸಿಕೊಂಡು 2024-25ರಲ್ಲಿ 68 ಗೆದ್ದು ಚಾಂಪಿಯನ್ ಆಯಿತು. 22-50ರ ದಿನ ಕೂತು ಆ ಟ್ರೇಡ್‌ಗೆ ಅಂಕ ಹಾಕಿದ್ದರೆ ಎಷ್ಟು ಹಾಕುತ್ತಿದ್ದೆವೋ!

ನನ್ನ ತಪ್ಪು ಬೇರೆ ಇತ್ತು. ಮಾರಿದ ಮೇಲೆ ಅವನ ಜಾಗಕ್ಕೆ ಯಾರೂ ಇಲ್ಲ ಅನ್ನುವುದನ್ನು ನೋಡಲೇ ಇಲ್ಲ. ಕನಿಷ್ಠ ಸಂಬಳಕ್ಕೆ ಸಿಗುವ ಹಳೆ ಕೈ ಒಬ್ಬ ಸಾಕಾಗಿತ್ತು.

ಇನ್ನೊಂದು ಟ್ರೇಡ್ ಇತ್ತು. ಎರಡನೇ ಸುತ್ತಿನ ಎರಡು ಪಿಕ್ ಕೊಟ್ಟು 27 ವರ್ಷದ ಶೂಟರ್‌ನನ್ನು ತಂದಿದ್ದೆ. ನೋಟ್‌ಬುಕ್‌ನಲ್ಲಿ ಆ ದಿನದ ಸಾಲು ಖಾಲಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬೇಸಿಗೆಯಲ್ಲಿ ಫ್ರೀ ಏಜೆಂಟ್‌ಗಳನ್ನು, ಅಂದರೆ ಯಾವ ತಂಡದ ಒಪ್ಪಂದವೂ ಇಲ್ಲದವರನ್ನು, ತಂದದ್ದೂ ಹೀಗೇ ಸುಮ್ನೆ. ಬೆಂಚ್ ಗಟ್ಟಿಯಾಗಲಿ ಅಂತ 45ರ ಆಸುಪಾಸಿನ ರೇಟಿಂಗ್ ಇರುವ ಮೂವರು. ಈ ಆಟದಲ್ಲಿ 55 ದಾಟಿದರೆ ಆರಂಭದ ಐವರಲ್ಲಿ ಆಡಬಹುದು, 65 ದಾಟಿದರೆ ಆಲ್‌ಸ್ಟಾರ್ ಮಟ್ಟ. ತಂಡದ ಒಟ್ಟು ರೇಟಿಂಗ್ ಲೆಕ್ಕ ಹಾಕುವಾಗ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಹಿಂದಿನವನಿಗಿಂತ ಕಮ್ಮಿ ತೂಕ ಕೊಡುತ್ತದೆ. ಮೊದಲನೆಯವನ ತೂಕ ಹತ್ತನೆಯವನ ಐದು ಪಟ್ಟಿಗೂ ಹೆಚ್ಚು. ನಾನು ದುಡ್ಡು ಸುರಿದದ್ದು ಎಂಟು, ಒಂಬತ್ತು, ಹತ್ತನೇ ಜಾಗಕ್ಕೆ. ಮರಕ್ಕೆ ನೀರು ಹಾಕೋ ಬದಲು ಎಲೆ ಒರೆಸಿದ ಹಾಗೆ.

ಈಗ ಆ ಮೊದಲ ಸಾಲಿಗೆ ಬರುತ್ತೇನೆ. ಹುಡುಗರು ಬೆಳೆದರು ಅಂತ ಬರೆದಿದ್ದೆನಲ್ಲ.

ಇಡೀ ಸೀಸನ್ ನಾನು ಹೆಮ್ಮೆಪಟ್ಟುಕೊಂಡಿದ್ದು ಇದೊಂದಕ್ಕೇ. 19, 19, 20 ವಯಸ್ಸಿನ ಮೂವರು. ಅವರ ಹೆಸರಿನ ಮುಂದೆ ಪ್ಲಸ್ ಗುರುತು ಹಾಕಿ ಜಾಸ್ತಿ ನಿಮಿಷ ಆಡಿಸಿದೆ. ಅವರಿಗಿಂತ ಚೆನ್ನಾಗಿ ಆಡುವವರನ್ನು ಬೆಂಚಿನಲ್ಲಿ ಕೂರಿಸಿದೆ. ಆಡಿದರೆ ತಾನೇ ಕಲಿಯೋದು? ನಿಜವಾದ ಅಂಗಳದಲ್ಲಿ ಹೌದು. ಈ ಆಟದಲ್ಲಿ ಅಲ್ಲ. ಇಲ್ಲಿ ಆಟಗಾರ ಬೆಳೆಯುವುದಕ್ಕೂ ಅವನು ಆಡಿದ ನಿಮಿಷಕ್ಕೂ ಸಂಬಂಧವೇ ಇಲ್ಲ. ವಯಸ್ಸು, ತಂಡದ ಕೋಚಿಂಗ್ ಮಟ್ಟ, ಉಳಿದದ್ದು ದಾಳ. ಆಟದ ಕೈಪಿಡಿಯಲ್ಲೇ ಇದೆ, ನಾನು ಓದಿರಲಿಲ್ಲ ಅಷ್ಟೆ. ಲೀಗ್ ಫೈಲ್ ಇಟ್ಟುಕೊಂಡಿರುವ ಗೆಳೆಯ ಹೇಳಿದಾಗ ಮೊದಲು ನಂಬಲಿಲ್ಲ. "ನೀನು ಅವರನ್ನು ಇಡೀ ವರ್ಷ ಬೆಂಚಿನಲ್ಲಿ ಕೂರಿಸಿದ್ರೂ ಇಷ್ಟೇ ಆಗ್ತಿತ್ತು ಮಾರಾಯ" ಅಂದ.

ಇದಕ್ಕಿಂತ ಬೇಸರದ ಸಂಗತಿ ಮುಂದಿದೆ. ಕೋಚಿಂಗ್ ಮಟ್ಟ ನಿಂತಿರುವುದು ನಾವು ಅದಕ್ಕೆ ಮಾಡುವ ಖರ್ಚಿನ ಮೇಲೆ. ಸೀಸನ್ ಶುರುವಿನಲ್ಲಿ, ಹೇಗಿದ್ದರೂ ಸೋಲುವ ವರ್ಷ ಅಂತ, ದುಡ್ಡು ಉಳಿಸೋಕೆ ನಾನು ಕೋಚಿಂಗ್ ಖರ್ಚನ್ನೇ ಕತ್ತರಿಸಿದ್ದೆ. ಆಟ ಮೂರು ಸೀಸನ್ನಿನ ಖರ್ಚನ್ನು ಒಟ್ಟಿಗೆ ನೋಡಿ ಮಟ್ಟ ಕಟ್ಟುತ್ತದೆ. ಹಾಗಾಗಿ ಪೆಟ್ಟು ಈ ವರ್ಷಕ್ಕೇ ಮುಗಿಯುವುದೂ ಇಲ್ಲ. ಹುಡುಗರನ್ನು ಬೆಳೆಸುವ ವರ್ಷದಲ್ಲಿ ಬೆಳೆಸುವ ಒಂದೇ ಒಂದು ಹಿಡಿಕೆಯನ್ನು ಕೆಳಗೆ ತಿರುಗಿಸಿ, ಯಾವುದಕ್ಕೂ ಜೋಡಿಸಿರದ ಇನ್ನೊಂದು ಹಿಡಿಕೆಯನ್ನು 82 ಪಂದ್ಯ ತಿರುಗಿಸುತ್ತಾ ಕೂತಿದ್ದೆ.

ಹಾಗಾದರೆ ನಿಮಿಷ ಕೊಟ್ಟದ್ದರಿಂದ ಏನೂ ಆಗಲಿಲ್ಲವೇ? ಆಯಿತು. ಸೋತೆವು. ಸೋತರೆ ಜನರ ಉತ್ಸಾಹ ಇಳಿಯುತ್ತದೆ, ಅದು ಇಳಿದರೆ ಆದಾಯ ಇಳಿಯುತ್ತದೆ, ಫ್ರೀ ಏಜೆಂಟ್‌ಗಳು ಮುಖ ತಿರುಗಿಸುತ್ತಾರೆ. ಬದಲಿಗೆ ಸಿಕ್ಕಿದ್ದು ಡ್ರಾಫ್ಟ್ ಲಾಟರಿಯಲ್ಲಿ, ಅಂದರೆ ಸೋತ ತಂಡಗಳಲ್ಲಿ ಯಾರು ಮೊದಲು ಆರಿಸಬೇಕು ಅಂತ ಎತ್ತುವ ಚೀಟಿಯಲ್ಲಿ, ಒಳ್ಳೆ ಜಾಗ. ಅದನ್ನೂ ಲೆಕ್ಕ ಹಾಕಿ ನೋಡಿದೆ. ಎನ್‌ಬಿಎ 2019ರಲ್ಲಿ ತಂದ ಲಾಟರಿ ನಿಯಮವೇ ನಮ್ಮ ಲೀಗಿನಲ್ಲೂ ಇದೆ. ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ ಸಿಗುವ ಸಾಧ್ಯತೆ ಒಂದೇ, ಶೇ 14. ಮೊದಲು ಕೊನೇ ತಂಡಕ್ಕೆ ಶೇ 25 ಇತ್ತು. ಅಂದರೆ ಈಗ ತೀರಾ ತಳ ಮುಟ್ಟುವುದರಿಂದ ಹೆಚ್ಚಿನ ಲಾಭವಿಲ್ಲ. ನಾವು 28 ಗೆದ್ದಿದ್ದರೆ ಕೆಳಗಿನಿಂದ ಆರನೇ ಜಾಗದಲ್ಲಿ ಇರುತ್ತಿದ್ದೆವು, ಅಲ್ಲಿ ಶೇ 9. ಐದು ಶೇಕಡಾಕ್ಕಾಗಿ ಏಳು ಗೆಲುವು. ಅದೂ ಬಹುಪಾಲು ದುರದೃಷ್ಟದಿಂದ ಕಳೆದುಕೊಂಡದ್ದು, ನನ್ನ ಜಾಣತನದಿಂದ ಅಲ್ಲ.

ಲಾಟರಿಯಲ್ಲಿ ನಮಗೆ ಬಂದದ್ದು ಆರನೇ ಪಿಕ್. ಎರಡನೇ ಕೆಟ್ಟ ತಂಡ ಇದಕ್ಕಿಂತ ಕೆಳಗೆ ಬೀಳೋಕೆ ಸಾಧ್ಯವೇ ಇಲ್ಲ, ಹೀಗೆ ಬೀಳುವ ಸಾಧ್ಯತೆ ಐದರಲ್ಲಿ ಒಂದು. ಇದರ ಬಗ್ಗೆ ವಿಮರ್ಶೆಯಲ್ಲಿ ಒಂದೇ ಪದ ಬರೆದೆ, ಅದನ್ನು ಇಲ್ಲಿ ಬರೆಯೋ ಹಾಗಿಲ್ಲ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ ಅನ್ನಿಸುತ್ತದೆ. ಈ ಆಟದಲ್ಲಿ ಪ್ಲೇಆಫ್ ಮುಗಿದ ಮೇಲೆ ಎಲ್ಲರ ರೇಟಿಂಗ್ ಒಂದೇ ಸಲ ಬದಲಾಗುತ್ತದೆ. ಮೂವರು ಹುಡುಗರ ಬಗ್ಗೆ ನನ್ನ ಅಭಿಪ್ರಾಯವನ್ನು ಆ ಬದಲಾವಣೆ ಬರುವ ಹಿಂದಿನ ದಿನವೇ ಬರೆದಿಟ್ಟಿದ್ದೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಯಾವ ಬೆಲೆಗೆ ಬಿಡಬಹುದು ಅಂತ. ಮರುದಿನ ಒಬ್ಬ 44ರಿಂದ 53ಕ್ಕೆ ಹಾರಿದ. ಇನ್ನೊಬ್ಬ 47ರಿಂದ 48. ಮೂರನೆಯವನು, ನಾನು ತುಂಬಾ ನಂಬಿದ್ದವನು, 50ರಿಂದ 46ಕ್ಕೆ ಇಳಿದ. ಹಾರಿದವನನ್ನು ಹಿಂದಿನ ದಿನ "ಯಾರಾದರೂ ಕೇಳಿದರೆ ಕೊಟ್ಟುಬಿಡು" ಅಂತ ಬರೆದಿದ್ದೆ. ಆ ಹಾಳೆ ಇಲ್ಲದೆ ಇದ್ದಿದ್ದರೆ ಅವನ ಮೇಲೆ ಮೊದಲಿಂದಲೂ ನನಗೆ ನಂಬಿಕೆ ಇತ್ತು ಅಂತಲೇ ಹೇಳಿಕೊಂಡು ತಿರುಗುತ್ತಿದ್ದೆ.

ಹುಡುಗ ಎಲ್ಲಿಯವರೆಗೆ ಬೆಳೆಯಬಹುದು ಅನ್ನುವುದಕ್ಕೆ ಪೊಟೆನ್ಷಿಯಲ್ ಅಂತ ಆಟ ತೋರಿಸುವ ಸಂಖ್ಯೆಯೂ ಮೇಲ್ಮಿತಿಯಲ್ಲ, ಅಂದಾಜು. ಅದನ್ನು ದಾಟುವವರಿದ್ದಾರೆ, ಹತ್ತಿರಕ್ಕೂ ಬರದವರಿದ್ದಾರೆ. ಹಾಗಾಗಿ ಈಗ ಒಬ್ಬನ ಮೇಲೆ ಪಣ ಕಟ್ಟುವ ಬದಲು ಇಂಥ ಹುಡುಗರು ಎಷ್ಟು ಜನ ಸಿಗುತ್ತಾರೋ ಅಷ್ಟು ಜನರನ್ನು ಕೂಡಿಹಾಕುತ್ತಿದ್ದೇನೆ. 15 ಜನರ ತಂಡದಲ್ಲಿ ಈಗ ಏಳು ಜನ 21ರ ಒಳಗಿನವರು. ಕೋಚಿಂಗ್ ಖರ್ಚನ್ನು ಮೇಲೆ ತಂದಿದ್ದೇನೆ. ಪ್ಲಸ್ ಗುರುತುಗಳನ್ನೆಲ್ಲ ತೆಗೆದಿದ್ದೇನೆ. ಚೆಂಡು ತರೋಕೆ 33 ವರ್ಷದ ಒಬ್ಬ ಗಾರ್ಡ್ ಕನಿಷ್ಠ ಸಂಬಳಕ್ಕೆ ಸಿಕ್ಕಿದ್ದಾನೆ.

ಮೊನ್ನೆ ಒಬ್ಬ ಗೆಳೆಯ 53ಕ್ಕೆ ಹಾರಿದ ಆ ಹುಡುಗನನ್ನು ಕೇಳಿದ. ಮೊದಲ ಸುತ್ತಿನ ಎರಡು ಪಿಕ್ ಕೊಡುತ್ತಾನಂತೆ. ಆಗಲ್ಲ ಅಂತ ಟೈಪ್ ಮಾಡಿದೆ, ಕಳಿಸುವ ಮೊದಲು ನೋಟ್‌ಬುಕ್ ತೆಗೆದು ಕಾರಣ ಬರೆಯೋಕೆ ಕೂತೆ. ಒಂದೂ ಹೊಳೆಯಲಿಲ್ಲ. ಮಾತುಕತೆ ಇನ್ನೂ ನಡೆಯುತ್ತಿದೆ.